ಬರೀ ಬ್ಲಾಕು ಕದ್ದ ಕಳ್ಳ

ಗುರುವಾರ ಬೆಳಿಗ್ಗೆ ಬೀಗ ತುಂಡಾಗಿ ಕೆಸರಲ್ಲಿ ಬಿದ್ದಿತ್ತು. ವರ್ಕ್‌ಶಾಪಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಬ್ಬಿಣದ ಸ್ಟ್ಯಾಂಡು ಬೋಳಾಗಿ ನಿಂತಿತ್ತು. ಅದರ ಎದುರು ಇಬ್ಬರು ವಯಸ್ಸಾದವರು ಗಂಟಲು ಹರಿಯುವಂತೆ ಜಗಳವಾಡುತ್ತಿದ್ದರು.

ಡೋರೀನ್ ಪಾವ್ಲಾಕ್ ಬಾಗಿಲಲ್ಲೇ ನಿಂತು ಉಸಿರು ಬಿಟ್ಟಳು. ಕೌಂಟಿ ಶೆರಿಫ್ ಕಚೇರಿಯಲ್ಲಿ ಅವಳು ಪತ್ತೇದಾರಿ ಅಧಿಕಾರಿ. ಬೆಳಗಿನಿಂದ ಒಂದು ತೊಟ್ಟು ಕಾಫಿ ಕುಡಿದಿರಲಿಲ್ಲ.

"ಏನು ಹೋಗಿದೆ?" ಎಂದಳು.

"ಬ್ಲಾಕು!" ಹೆಂಗಸು ಕಿರುಚಿದಳು.

"ಯಾವ ಬ್ಲಾಕು?"

"ಯಾವ ಬ್ಲಾಕಾ? ನನ್ನ ಜಿಟಿಒ ಕಾರಿನ ಎಂಜಿನ್ ಬ್ಲಾಕು ಕಣಮ್ಮಾ! ಅರವತ್ತೊಂಬತ್ತರದ್ದು!"

ಡೋರೀನ್‌ಗೆ ಅರ್ಥವಾಯಿತು. ಸಿಲಿಂಡರುಗಳನ್ನು ಹೊತ್ತ, ಎಂಜಿನ್ನಿನ ಕಬ್ಬಿಣದ ಒಡಲು. ಅರ್ಥವಾಗಿದ್ದಕ್ಕೇ ಬೇಸರವಾಯಿತು. ಮಿಶಿಗನ್‌ನ ಈ ಮೂಲೆಯಲ್ಲಿ ಹುಟ್ಟಿದವರಿಗೆ ಹಳೇ ಕಾರಿನ ಮಾತು ಅರ್ಥವಾಗದೇ ಇರುವ ಭಾಗ್ಯವಿಲ್ಲ. ಮಾಜಿ ಗಂಡನ ಮುಖಕ್ಕಿಂತ ಅವನ ಬೂಟುಗಳೇ ಅವಳಿಗೆ ಹೆಚ್ಚು ಪರಿಚಯ. ಮಿಕ್ಕ ದೇಹವೆಲ್ಲ ಯಾವಾಗಲೂ ಯಾವುದಾದರೂ ಕಾರಿನಡಿಯಲ್ಲೇ ಇರುತ್ತಿತ್ತು.

ಕಿರುಚಿದವಳು ಆರ್ಡಿತ್ ಹಫ್. ಎಪ್ಪತ್ತು ದಾಟಿದ ವಿಧವೆ. ತೋಳುಗಳ ಮೇಲೆ ವೆಲ್ಡಿಂಗ್ ಕಿಡಿ ಸಿಡಿದ ಚುಕ್ಕೆ ಕಲೆಗಳು. ಪಾಂಟಿಯಾಕ್ ಊರಿನ ಎಂಜಿನ್ ಕಾರ್ಖಾನೆಯಲ್ಲಿ ದುಡಿದು, ಮೊದಲ ಸಂಬಳಗಳಲ್ಲೇ ಈ ಕಾರು ಕೊಂಡವಳು. ಮಕ್ಕಳು ಹುಟ್ಟಿದ ಮೇಲೆ ಅದು ಕೊಟ್ಟಿಗೆ ಸೇರಿ ತುಕ್ಕು ತಿಂದಿತ್ತು. ಗಂಡ ತೀರಿಕೊಂಡ ವರ್ಷ ಅದನ್ನು ಹೊರಗೆಳೆದಳು. ಕೊಳೆತ ತಳವನ್ನೆಲ್ಲ ತಾನೇ ಕತ್ತರಿಸಿ ತೆಗೆದು, ಹೊಸ ತಗಡು ಕೂರಿಸಿದಳು. ಒಂದು ಚಮಚ ಪುಟ್ಟಿಯನ್ನೂ ಹಚ್ಚಲಿಲ್ಲ. ಬಾಡಿ ಕೆಲಸ ಮುಗಿದಿತ್ತು, ಬಣ್ಣ ಹೊಡೆದಾಗಿತ್ತು. ಎಂಜಿನ್ ಕೂತರೆ ಆಗಸ್ಟ್‌ನ ಕಾರ್ ಮೆರವಣಿಗೆಗೆ ಕಾರು ಸಿದ್ಧ.

ಆ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಲೊವೆಲ್ ಟೀಗ್‌ನದು. ಕಾರ್ಖಾನೆಯಲ್ಲಿ ಅವಳ ಪಕ್ಕದ ಸಾಲಿನಲ್ಲಿ ದುಡಿದವನು. ಆಮೇಲೆ ಊರಲ್ಲೇ ಈ ವರ್ಕ್‌ಶಾಪ್ ಇಟ್ಟು, ಸಿಲಿಂಡರ್ ಬೋರ್ ಮಾಡುವುದರಲ್ಲಿ, ಅಂದರೆ ಸವೆದ ಒಳಗೋಡೆಯನ್ನು ಅಳತೆಗೆ ಕೊರೆದು ಸರಿಮಾಡುವುದರಲ್ಲಿ, ಸುತ್ತಲ ನಾಲ್ಕು ಊರಿಗೆ ಹೆಸರಾದವನು. ಈಗ ಬಾಗಿದ ಬೆನ್ನು, ಎಣ್ಣೆ ಕುಡಿದ ಕೋಟು, ಸೋತ ಮುಖ.

"ಬೇರೆ ಬ್ಲಾಕು ಸಿಗಲ್ವಾ?" ಡೋರೀನ್ ಕೇಳಿದಳು.

ಕೇಳಬಾರದಿತ್ತು.

"ಬೇರೇದಾ? ಬ್ಲಾಕಿನ ಮೂತಿ ಮೇಲೆ ನನ್ನ ಕಾರಿನ ನಂಬರು ಒತ್ತಿದೆ. ಅದು ಒತ್ತಿದ ಲೈನಲ್ಲೇ ನಾನು ನಿಂತಿದ್ದೆ. ಬೇರೇದು ಹಾಕಿದ್ರೆ ಅದು ಜಿಟಿಒ ಇರಬಹುದು, ನನ್ನ ಕಾರಂತೂ ಅಲ್ಲ! ನಿನ್ನ ಮಗು ಕಳೆದುಹೋದ್ರೆ ಬೇರೇದು ತಗೋತೀಯೇನೇ?"

"ಆರ್ಡಿತ್, ಸುಮ್ನಿರೇ. ಪೊಲೀಸ್ನೋರು ಅವ್ರು," ಲೊವೆಲ್ ಮೆಲ್ಲಗೆ ಅಂದ.

"ನೀನು ಮಾತಾಡ್ಬೇಡ! ನಿನ್ನ ಬೀಗ ನೋಡು, ಪುಟಾಣಿ ಪೆಟ್ಟಿಗೆಗೆ ಹಾಕೋ ಬೀಗ!"

*

ಡೋರೀನ್ ಬೀಗವನ್ನು ಎತ್ತಿಕೊಂಡಳು. ಕೊಂಡಿಯನ್ನು ನೀಟಾಗಿ ಕತ್ತರಿಸಲಾಗಿತ್ತು. ಬೀಗದ ಎರಡೂ ಕೆನ್ನೆಗಳ ಮೇಲೆ ಒತ್ತೊತ್ತಾಗಿ ಗೀರುಗಳಿದ್ದವು, ಯಾರೋ ಹಲ್ಲಲ್ಲಿ ಕಚ್ಚಿದ ಹಾಗೆ. ಚೀಲಕ್ಕೆ ಹಾಕಿದಳು.

"ನೀವು ನೋಡಿದ್ದು ಯಾವಾಗ?" ಲೊವೆಲ್‌ನನ್ನು ಕೇಳಿದಳು.

"ಬೆಳಿಗ್ಗೆ ಬಾಗಿಲು ತೆಗೆಯೋಕೆ ಬಂದಾಗ. ನಿನ್ನೆ ಸಂಜೆ ಬೀಗ ಹಾಕ್ಕೊಂಡು ಹೋಗಿದ್ದೆ. ಬುಧವಾರ ಚರ್ಚಲ್ಲಿ ಊಟ ಇರುತ್ತಲ್ಲ, ಅಲ್ಲಿಗೆ."

"ಬೋರ್ ಮಾಡಿ ಮುಗಿಸಿದ್ರಾ?"

"ಇಲ್ಲಮ್ಮ. ಇನ್ನೂ ಮುಟ್ಟೇ ಇರ್ಲಿಲ್ಲ. ತೊಳೆದು ಇಟ್ಟಿದ್ದೆ ಅಷ್ಟೆ."

ಅವಳು ಒಳಗೆಲ್ಲ ಸುತ್ತು ಹಾಕಿದಳು. ಬೆಂಚಿನ ಮೇಲೆ ಹೊಳೆಯುವ ಕಾರ್ಬ್ಯುರೇಟರ್ ಇತ್ತು. ಎರಡು ಸಿಲಿಂಡರ್ ಹೆಡ್ಡುಗಳು, ಡಬ್ಬಿಯಲ್ಲಿ ಹೊಸ ಪಿಸ್ಟನ್‌ಗಳು ಹಾಗೇ ಇದ್ದವು. ಬಟ್ಟೆಯ ಮೇಲೆ ದಪ್ಪ ಕಬ್ಬಿಣದ ಐದು ಕ್ಯಾಪುಗಳು ಸಾಲಾಗಿ ಕೂತಿದ್ದವು.

"ಇವೇನು?"

"ಬ್ಲಾಕಿನ ಅಡಿಯಲ್ಲಿ ಕ್ರ್ಯಾಂಕ್ ಶಾಫ್ಟನ್ನ ಹಿಡ್ಕೊಳ್ಳೋ ಕ್ಯಾಪುಗಳು," ಎಂದ ಲೊವೆಲ್.

ನೆಲದ ತುಂಬ ಎಣ್ಣೆ, ಕಬ್ಬಿಣದ ಚೂರು, ಸಿಗರೇಟಿನ ತುಂಡು. ಬೋರಿಂಗ್ ಮೆಷಿನ್ನಿನ ಅಡಿಯಲ್ಲಿ ಮಾತ್ರ ನೆಲ ಅಡುಗೆಮನೆಯ ಹಾಗೆ ಚೊಕ್ಕಟವಾಗಿತ್ತು.

ಹೊರಗೆ ಪೇದೆ ಹ್ಯಾಡ್ಲಿ ಕಾಣಿಸಲಿಲ್ಲ. ಹಿತ್ತಿಲಿಗೆ ಹೋಗಿ ನೋಡಿದಳು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯಲು ಬಳಸುವ ಪ್ಲೈವುಡ್ ಗೂಡು ಅಲ್ಲಿತ್ತು. ಮಂಜು ಕರಗಿದ್ದರಿಂದ ಎಲ್ಲರ ಹಿತ್ತಿಲಿಗೂ ಇಂಥದ್ದೊಂದು ಬಂದು ಕೂತ ಕಾಲ. ಹ್ಯಾಡ್ಲಿ ತನ್ನ ಭಾರವನ್ನೆಲ್ಲ ಅದರ ಗೋಡೆಗೆ ಕೊಟ್ಟು, ಖಾರದ ಕೈಮಾ ಸುರಿದ ಹಾಟ್‌ಡಾಗ್ ತಿನ್ನುತ್ತಿದ್ದ.

"ಟೈರಿನ ಗುರುತು ನೋಡು ಅಂದ್ರೆ ತಿಂಡಿ ತಿಂತಿದೀಯಲ್ಲ ಮಾರಾಯ!"

"ನೋಡಾಯ್ತು ಮೇಡಂ. ಅಂಗಳದಲ್ಲಿ ಕೆಟ್ಟ ಗಾಡಿ ಎಳೆಯೋ ಟೋ ಟ್ರಕ್ಕಿನ ಗುರುತಿದೆ. ದೊಡ್ಡ ಟೈರು, ಹಿಂದೆ ಜೋಡಿ. ಊರಲ್ಲಿ ಅಂಥದ್ದು ಇರೋದು ರಾಯ್ಸ್ ಓಡಮ್ ಹತ್ರ ಒಂದೇ."

ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಆರ್ಡಿತ್ ಬಾಗಿಲಿಗೆ ಬಂದಳು.

"ಅವನೇ! ಎರಡು ವರ್ಷದಿಂದ ಕಾರು ಮಾರು ಮಾರು ಅಂತ ಪ್ರಾಣ ತಿಂತಿದಾನೆ. ಹೋಗಿ ಹಿಡ್ಕೊಂಡು ಬಾ! ಇಲ್ಲಾಂದ್ರೆ ನಾನೇ ಹೋಗ್ತೀನಿ, ಸುತ್ತಿಗೆ ತಗೊಂಡು!"

*

ರಾಯ್ಸ್ ಓಡಮ್ ಹಳೇ ಕಾರುಗಳನ್ನು ಕೊಂಡು, ಹೊಳಪು ಹಚ್ಚಿ ಮಾರುವವನು. ಬೇರೆ ಬ್ಲಾಕಿನ ಮೇಲೆ ಸುಳ್ಳು ನಂಬರು ಒತ್ತುತ್ತಾನೆ ಎಂಬ ಗುಮಾನಿಯೂ ಅವನ ಮೇಲಿತ್ತು. ಡೋರೀನ್ ಹೋದಾಗ ಒಂದು ಕಾರಿನ ಮಡ್‌ಗಾರ್ಡಿಗೆ ಪುಟ್ಟಿ ಬಳಿಯುತ್ತಿದ್ದ.

"ಲೊವೆಲ್ ಅಂಗಳಕ್ಕೆ ಯಾವಾಗ ಹೋಗಿದ್ದೆ?"

"ಮಂಗಳವಾರ. ಆರ್ಡಿತ್ ಅಲ್ಲಿರ್ತಾಳೆ ಅಂತ ಹೋದೆ. ಇರ್ಲಿಲ್ಲ. ಮುದುಕ ಬಾಗಿಲು ತೆಗೀಲೇ ಇಲ್ಲ. ಒಳಗಿದ್ದ, ಲೈಟು ಉರೀತಿತ್ತು. ಹತ್ತು ಸಲ ಬಡಿದೆ. 'ಹೋಗಯ್ಯಾ' ಅಂತ ಒಳಗಿಂದಾನೇ ಕೂಗಿದ."

"ನಿನ್ನೆ ಸಂಜೆ?"

"ಮಗಳ ಬ್ಯಾಸ್ಕೆಟ್‌ಬಾಲ್ ಆಟ. ಅರ್ಧ ಊರೇ ಅಲ್ಲಿತ್ತು. ನಿಮ್ಮ ಶೆರಿಫ್ ನನ್ನ ಪಕ್ಕದಲ್ಲೇ ಕೂತು ಪಾಪ್‌ಕಾರ್ನ್ ತಿಂತಿದ್ರು. ಕೇಳಿ ಬೇಕಾದ್ರೆ."

ಡೋರೀನ್ ಹಣೆ ಒತ್ತಿಕೊಂಡಳು. ಇದ್ದ ಒಬ್ಬ ಕಳ್ಳನಿಗೆ ಶೆರಿಫರೇ ಸಾಕ್ಷಿ!

"ಏನೇನು ಹೋಯ್ತು?" ರಾಯ್ಸ್ ಕುತೂಹಲದಿಂದ ಕೇಳಿದ.

"ಬ್ಲಾಕು ಮಾತ್ರ."

"ಕ್ಯಾಪುಗಳು?"

"ಐದೂ ಬೆಂಚಿನ ಮೇಲಿವೆ."

ರಾಯ್ಸ್ ಪುಟ್ಟಿಯ ಹಲಗೆ ಕೆಳಗಿಟ್ಟು ನಕ್ಕುಬಿಟ್ಟ. "ಮೇಡಂ, ನನ್ನನ್ನ ಕಳ್ಳ ಅನ್ನಿ, ಪರವಾಗಿಲ್ಲ. ದಡ್ಡ ಅನ್ಬೇಡಿ. ಆ ಕ್ಯಾಪುಗಳನ್ನ ಬ್ಲಾಕಿಗೆ ಬಿಗಿದೇ ಒಟ್ಟಿಗೆ ಕೊರೆದಿರ್ತಾರೆ. ಬೇರೆ ಬ್ಲಾಕಿನ ಕ್ಯಾಪು ತಂದು ಹಾಕಿದ್ರೆ ಕ್ರ್ಯಾಂಕ್ ತಿರುಗೋದೇ ಇಲ್ಲ. ಬ್ಲಾಕಿನ ಬೆಲೆ ಗೊತ್ತಿರೋ ಕಳ್ಳ ಮೊದಲು ಕ್ಯಾಪು ಜೇಬಿಗೆ ಹಾಕ್ತಾನೆ. ಬೆಲೆ ಗೊತ್ತಿಲ್ಲದೋನು ಕಾರ್ಬ್ಯುರೇಟರ್ ಎತ್ಕೊಂಡು ಓಡ್ತಾನೆ. ಎತ್ತೋಕೆ ಇಬ್ಬರು ಆಳು ಬೇಕಾಗೋ ಕಬ್ಬಿಣ ಯಾಕೆ ಹೊರ್ತಾನೆ?"

"ಮತ್ತೆ ಇದು ಯಾವ ಜಾತಿ ಕಳ್ಳ?"

"ಅದನ್ನ ಕಂಡುಹಿಡಿಯೋಕೇ ಅಲ್ವಾ ನಿಮಗೆ ಸಂಬಳ?"

*

ಶುಕ್ರವಾರವೆಲ್ಲ ಆರ್ಡಿತ್‌ಳ ಫೋನು. ಡೋರೀನ್ ಊಟಕ್ಕೆ ಕೂತರೆ ಫೋನು, ಎದ್ದರೆ ಫೋನು.

"ಸಿಕ್ತಾ?"

"ಇಲ್ಲ."

"ಏನ್ ಮಾಡ್ತಿದೀಯ?"

"ನಿಮ್ಮ ಫೋನು ಎತ್ತಾ ಇದೀನಿ!"

ಇತ್ತ ಶೆರಿಫರು ಬಾಗಿಲಲ್ಲಿ ಇಣುಕಿದರು. "ಒಂದು ಕಬ್ಬಿಣದ ತುಂಡಿಗೆ ಎಷ್ಟು ದಿನ ಓಡಾಡ್ತೀಯ, ಡೋರೀನ್? ಗುಜರಿಗೆ ಹೋಗಿರುತ್ತೆ, ಬಿಡು." ಆಮೇಲೆ ಕುರ್ಚಿ ಎಳೆದು ಕೂತು, ತಮ್ಮ ಹರೆಯದಲ್ಲಿ ಇದ್ದ ಕಾರಿನ ಬಗ್ಗೆ ಮಾತು ಶುರು ಮಾಡಿದರು. ಅದರ ಬಣ್ಣ, ಅದರ ಗೇರು, ಅದರಲ್ಲಿ ಯಾರನ್ನು ಕೂರಿಸಿಕೊಂಡು ಎಲ್ಲಿಗೆ ಹೋಗಿದ್ದರು ಎಂಬುದು. ಅವರು ಮೂರನೇ ಗೇರಿಗೆ ಬರುವಷ್ಟರಲ್ಲಿ ಡೋರೀನ್ ಕೋಟು ಹಾಕಿಕೊಂಡು ಹೊರಗೆ ನಡೆದಿದ್ದಳು.

ಗುಜರಿಯ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಹಳೇ ಕಾರುಗಳನ್ನು ಒಡೆದು ಬಿಡಿಭಾಗ ಮಾರುವ ದೊಡ್ಡ ಅಂಗಳ ಊರಾಚೆ ಇತ್ತು. ಅದರ ಒಡತಿ ಬರ್ನೀಸ್ ಹೀಟರ್ ಪಕ್ಕ ಕಾಲು ಚಾಚಿ ಕೂತಿದ್ದಳು.

"ಇಲ್ಲಿಗೆ ಯಾರೂ ಬ್ಲಾಕು ತಂದಿಲ್ಲಮ್ಮ. ತಂದಿದ್ರೆ ಆರ್ಡಿತ್‌ಗೆ ನಾನೇ ಫೋನ್ ಮಾಡ್ತಿದ್ದೆ. ಪಾಪ, ಆ ಲೊವೆಲ್ ಮುಖ ನೋಡೋಕಾಗಲ್ಲ. ಅಂಥದ್ದೇ ಇನ್ನೊಂದು ಬ್ಲಾಕು ಎಲ್ಲಾದ್ರೂ ಇದ್ರೆ ಹುಡುಕಿಕೊಡು ಅಂತ ಗೋಗರೆದ. ಅದೇ ವರ್ಷದ್ದು, ಅದೇ ಅಚ್ಚಿಂದು. ಓಹಾಯೋವರೆಗೂ ಫೋನ್ ಮಾಡಿ ನೋಡಿದೆ, ಸಿಗ್ಲಿಲ್ಲ."

"ಕೇಳಿದ್ದು ನಿನ್ನೆ ತಾನೆ?"

"ನಿನ್ನೆ ಎಲ್ಲಿ? ಸೋಮವಾರ. ನಮ್ಮ ನೀರಿನ ಪೈಪು ಒಡೆದಿತ್ತಲ್ಲ, ಪ್ಲಂಬರ್ ಇದೇ ಜಾಗದಲ್ಲಿ ಮಲಗಿ ರಿಪೇರಿ ಮಾಡ್ತಿದ್ದ. ಅವನನ್ನ ದಾಟಿಕೊಂಡೇ ಬಂದ ಲೊವೆಲ್."

ಡೋರೀನ್ ಕೋಟಿನಿಂದ ನೋಟ್‌ಬುಕ್ಕು ತೆಗೆದಳು.

"ಬರ್ನೀಸ್, ಕಳ್ಳತನ ಆಗಿದ್ದು ಬುಧವಾರ ಸಂಜೆ."

ಬರ್ನೀಸ್ ಕಾಲು ಕೆಳಗಿಳಿಸಿದಳು.

"ಅಯ್ಯೋ ದೇವರೇ," ಎಂದಳು ಬರ್ನೀಸ್. "ನಾನೇನಾದ್ರೂ ಹೇಳಬಾರದ್ದು ಹೇಳಿದ್ನಾ?"

*

ಶನಿವಾರ ಬೆಳಿಗ್ಗೆ ಡೋರೀನ್ ಆರ್ಡಿತ್‌ಳನ್ನು ಕರೆದುಕೊಂಡೇ ವರ್ಕ್‌ಶಾಪಿಗೆ ಬಂದಳು. ಲೊವೆಲ್ ಬೆಂಚಿನ ಹತ್ತಿರ ಸುಮ್ಮನೆ ಕೂತಿದ್ದ. ಕೈಯಲ್ಲಿ ಕೆಲಸವಿರಲಿಲ್ಲ.

ಡೋರೀನ್ ಚೀಲದಿಂದ ಬೀಗ ತೆಗೆದು, ಬೆಂಚಿನ ತುದಿಯಲ್ಲಿದ್ದ, ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಬಾಯಿಗೆ ಇಟ್ಟು ಹಿಡಿ ತಿರುಗಿಸಿದಳು. ವೈಸಿನ ಹಲ್ಲುಗಳು ಬೀಗದ ಮೇಲಿನ ಗೀರುಗಳಲ್ಲಿ ಸರಿಯಾಗಿ ಕೂತವು.

ಲೊವೆಲ್ ಅದನ್ನು ನೋಡಿ ತಲೆ ತಗ್ಗಿಸಿದ.

"ಇದೇನಿದು ನಾಟಕ?" ಆರ್ಡಿತ್ ಗದರಿದಳು.

"ಬಾಗಿಲಲ್ಲಿ ನೇತಾಡೋ ಬೀಗ ಕತ್ತರಿಸೋ ಕಳ್ಳ ಅದನ್ನ ವೈಸಿಗೆ ಸಿಕ್ಕಿಸಲ್ಲ," ಡೋರೀನ್ ಹೇಳಿದಳು. "ಬಾಗಿಲು ತೆರೆದ ಮೇಲೆ, ಒಳಗೆ ಬೆಂಚಿನ ಹತ್ರ ನಿಂತು, ಆರಾಮಾಗಿ ಕತ್ತರಿಸಿದಾರೆ. ಅಂದ್ರೆ ಬೀಗದ ಕೈ ಇದ್ದೋರು."

"ಏನು ಹೇಳ್ತಾ ಇದೀಯ ನೀನು?"

"ಕ್ಯಾಪು ಬಿಟ್ಟು ಬ್ಲಾಕು ತಗೊಂಡ. ಆ ಬ್ಲಾಕಿಂದ ಯಾವತ್ತೂ ಎಂಜಿನ್ ಕಟ್ಟೋದಿಲ್ಲ ಅಂತ ಗೊತ್ತಿದ್ದೋನು ಮಾತ್ರ ಹಾಗೆ ಮಾಡ್ತಾನೆ. ಅವನಿಗೆ ಬ್ಲಾಕು ಬೇಕಾಗಿರ್ಲಿಲ್ಲ. ಅದು ನಿಮ್ಮ ಕಣ್ಣಿಗೆ ಬೀಳಬಾರದಾಗಿತ್ತು. ಲೊವೆಲ್, ಇನ್ನೂ ಮುಟ್ಟೇ ಇಲ್ಲ ಅಂದ್ರಿ. ಮುಟ್ಟದೇ ಇದ್ರೆ ಆ ಮೆಷಿನ್ ಅಡಿ ಗುಡಿಸಿದ್ದು ಯಾಕೆ? ಬೇರೆಲ್ಲೂ ಪೊರಕೆ ಆಡಿಲ್ಲವಲ್ಲ. ಮಂಗಳವಾರ ರಾಯ್ಸ್‌ಗೆ ಬಾಗಿಲು ತೆಗೀಲಿಲ್ಲ ಯಾಕೆ? ಒಳಗೆ ಏನಿತ್ತು ಅವನು ನೋಡಬಾರದ್ದು? ಕಳುವಾಗೋ ಮೊದಲೇ, ಸೋಮವಾರಾನೇ, ಬರ್ನೀಸ್ ಹತ್ರ ಇನ್ನೊಂದು ಬ್ಲಾಕು ಕೇಳಿದ್ದು ಯಾಕೆ?"

ಆರ್ಡಿತ್ ನಿಧಾನವಾಗಿ ಲೊವೆಲ್ ಕಡೆ ತಿರುಗಿದಳು. ಎರಡು ದಿನದಲ್ಲಿ ಮೊದಲ ಸಲ ಅವಳ ದನಿ ಇಳಿಯಿತು.

"ಲೊವೆಲ್. ಎಲ್ಲಿದೆ ಅದು?"

ಅವನ ಕಣ್ಣು ಹಿತ್ತಿಲ ಕಡೆ ಹೋಯಿತು.

"ನಾನೇ ತೋರಿಸ್ತೀನಿ ಬನ್ನಿ," ಎಂದಳು ಡೋರೀನ್. ಹಿತ್ತಿಲಿಗೆ ನಡೆದಳು. "ನಮ್ಮಪ್ಪನ ಹತ್ರಾನೂ ಮೀನಿನ ಗೂಡು ಇತ್ತು. ನಾನು ಚಿಕ್ಕವಳಿದ್ದಾಗ ಒರಗಿದ್ರೂ ಗಡಗಡ ಅಲ್ಲಾಡೋದು. ನಮ್ಮ ಹ್ಯಾಡ್ಲಿ ಅಷ್ಟು ದೊಡ್ಡ ದೇಹ ಇದಕ್ಕೆ ಆನಿಸಿದ್ರೂ ಇದು ಜಗ್ಗಲಿಲ್ಲ. ನೋಡಿ, ತಳದ ಹಲಗೆ ನಡುವೆ ಮುರಿದು ಮಣ್ಣೊಳಗೆ ಇಳಿದಿದೆ."

ಗೂಡಿನ ಬಾಗಿಲು ತೆಗೆದಳು. ಹಳೇ ಕಂಬಳಿ ಸರಿಸಿದಳು. ಕಪ್ಪು ಕಬ್ಬಿಣ ಕಾಣಿಸಿತು. ಮುಂಭಾಗದಲ್ಲಿ ಒತ್ತಿದ ನಂಬರು.

ಆರ್ಡಿತ್ ಮಂಡಿಯೂರಿ ಒಳಗೆ ಬಗ್ಗಿದಳು. ನಂಬರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಒಂದೊಂದೇ ಸಿಲಿಂಡರಿನೊಳಗೆ ಕೈ ಹಾಕಿದಳು. ಮೂರನೆಯದರಲ್ಲಿ ಕೈ ನಿಂತಿತು. ಗೋಡೆಯಲ್ಲಿ ಒಂದು ತೂತು. ಅದರ ಸುತ್ತ ಬಿರುಕು.

"ತೂತು ಮಾಡಿದೀಯ," ಎಂದಳು.

"ಹ್ಞೂಂ."

"ಕಬ್ಬಿಣ ತೆಳ್ಳಗಿತ್ತಾ?"

"ಇಲ್ಲ." ಲೊವೆಲ್‌ನ ಕೈ ಗೂಡಿನ ಅಂಚು ಹಿಡಿಯಿತು. "ಕಬ್ಬಿಣ ಚೆನ್ನಾಗೇ ಇತ್ತು. ನಾನೇ ಅಳತೆ ತಪ್ಪಿ ಓದಿದೆ. ಮೂರು ಅಂತ ಓದಿದ್ದು ಎಂಟಾಗಿತ್ತು. ಕನ್ನಡಕ ಹಾಕಿದ್ರೂ ಮಧ್ಯದಲ್ಲಿ ಒಂದು ಮಬ್ಬು, ಆರ್ಡಿತ್. ವರ್ಷ ಆಯ್ತು. ದಿನಾ ಅಂದಾಜಿನ ಮೇಲೇ ಕೆಲಸ ಮಾಡ್ತಿದೀನಿ."

"ಫ್ಲಿಂಟ್‌ಗೆ ತಗೊಂಡು ಹೋಗೋಣ, ಅಲ್ಲಿನ ವರ್ಕ್‌ಶಾಪಲ್ಲಿ ಹೊಸ ಮೆಷಿನ್ ಇದೆ ಅಂತ ನಾನು ಹೇಳಿದ್ದೆ. 'ಆ ಪುಟಗೋಸಿಗಳಿಗೆ ಏನ್ ಗೊತ್ತು' ಅಂದೆ ನೀನು."

"ಅಂದೆ."

"ತೂತಾದ್ರೆ ಸ್ಲೀವ್ ಹಾಕ್ತಾರಲ್ಲೋ! ಕೊರೆದು, ಹೊಸ ಕೊಳವೆ ಕೂರಿಸ್ತಾರೆ. ನೀನೇ ನೂರು ಸಲ ಹಾಕಿದೀಯ!"

"ಸ್ಲೀವ್ ಹಾಕೋಕೂ ಬೋರ್ ಮಾಡ್ಬೇಕು ಕಣೇ. ಇನ್ನೊಂದು ಸಲ ಆ ಮೆಷಿನ್ ಆನ್ ಮಾಡೋಕೆ ಕೈ ಬರ್ಲಿಲ್ಲ. ಬೇರೆಯವರ ಹತ್ರ ಒಯ್ದ್ರೆ ಇದು ಯಾರ ಕೆಲಸ ಅಂತ ಕೇಳ್ತಾರೆ. ಅದಕ್ಕೆ ಉತ್ತರ ಹೇಳೋ ಬದಲು ಕಳ್ಳ ಬಂದಿದ್ದ ಅನ್ನೋದು ಸುಲಭ ಅನ್ನಿಸ್ತು. ಕೈಗಾಡೀಲಿ ತಳ್ಕೊಂಡು ಬಂದು ಇಲ್ಲಿ ಬಚ್ಚಿಟ್ಟೆ. ನಿನ್ನೆದುರು ನಿಂತು ಹೇಳೋದಂತೂ…"

ಆರ್ಡಿತ್ ಎದ್ದು, ಮಂಡಿಯ ಕೆಸರು ಒರೆಸಿಕೊಂಡಳು.

"ಎರಡು ದಿನ ನಿದ್ದೆ ಮಾಡಿಲ್ಲ ನಾನು. ರಾಯ್ಸ್‌ನ ಕಳ್ಳ ಅಂತ ಊರೆಲ್ಲ ಸಾರಿದೀನಿ. ಈ ಹೆಂಗಸಿಗೆ ಊಟ ಮಾಡೋಕೆ ಬಿಟ್ಟಿಲ್ಲ. ನೀನು ಪಕ್ಕದಲ್ಲೇ ನಿಂತು 'ಸುಮ್ನಿರೇ' ಅಂತಿದ್ದೆ! ತೂತಿಗೆ ಸಿಟ್ಟಿಲ್ಲ ಕಣೋ ನನಗೆ. ಅದಕ್ಕೆ ಸಿಟ್ಟು!"

ಲೊವೆಲ್ ಅಳುತ್ತಿದ್ದ. ಸದ್ದಿಲ್ಲದೆ, ಕೋಟಿನ ತೋಳಲ್ಲಿ ಮೂಗು ಒರೆಸಿಕೊಳ್ಳುತ್ತ.

ಆರ್ಡಿತ್ ಡೋರೀನ್ ಕಡೆ ತಿರುಗಿದಳು. "ಕೇಸು ಗೀಸು ಏನೂ ಬೇಡ."

"ಅದು ನಿಮ್ಮ ಕೈಯಲ್ಲಿಲ್ಲ ಆರ್ಡಿತ್. ಸುಳ್ಳು ದೂರು ಕೊಟ್ಟಿದಾರೆ. ನಾನು ಬರೀಲೇಬೇಕು."

"ಬರಿ. ಆದ್ರೆ ಬ್ಲಾಕು ಕೊಡು."

"ಅದು ಸಾಕ್ಷ್ಯ. ಠಾಣೆಗೆ ಹೋಗ್ಬೇಕು."

ಹೋಯಿತು ಕೂಡ. ಸಾಕ್ಷ್ಯದ ಕೋಣೆಯವನು ಅದನ್ನು ನೋಡಿ, ನನ್ನ ಕಪಾಟು ಮುರಿಯುತ್ತೆ, ಎಣ್ಣೆ ಸೋರುತ್ತೆ, ತಗೊಂಡು ಹೋಗಿ ಎಂದು ಕೂಗಾಡಿದ. ಫೋಟೋ ತೆಗೆದು ಬ್ಲಾಕನ್ನು ಒಡತಿಗೇ ಕೊಡುವುದೆಂದು ಕೊನೆಗೆ ತೀರ್ಮಾನವಾಯಿತು. ಅದನ್ನು ಒಳಗೆ ಹೊತ್ತಿದ್ದೂ ಹ್ಯಾಡ್ಲಿಯೇ, ಹೊರಗೆ ಹೊತ್ತಿದ್ದೂ ಹ್ಯಾಡ್ಲಿಯೇ. ಅವನ ಬೈಗುಳ ಇಡೀ ಕಚೇರಿಗೆ ಕೇಳಿಸಿತು.

*

ನ್ಯಾಯಾಧೀಶರು ಲೊವೆಲ್‌ಗೆ ದಂಡ ಹಾಕಿ, ಗದರಿಸಿ ಬಿಟ್ಟರು. ಅದಕ್ಕೆ ಮುಂಚೆಯೇ ಆರ್ಡಿತ್ ತನ್ನ ಶಿಕ್ಷೆ ವಿಧಿಸಿ ಆಗಿತ್ತು. ಮೊದಲು ರಾಯ್ಸ್‌ನ ಅಂಗಳಕ್ಕೆ ಹೋಗಿ ಇಬ್ಬರೂ ತಪ್ಪೊಪ್ಪಿಕೊಂಡರು. ಆಮೇಲೆ ಲೊವೆಲ್ ತನ್ನ ಪಿಕಪ್ ಟ್ರಕ್ಕಿನಲ್ಲಿ ಬ್ಲಾಕು ಹೇರಿಕೊಂಡು ಫ್ಲಿಂಟ್‌ಗೆ ಹೊರಟ. ಅವಳು ಪಕ್ಕದಲ್ಲಿ. ಬ್ಲಾಕು ಒಡತಿಗೆ ಸೇರಿದ್ದಕ್ಕೆ ಸಹಿ ಬಾಕಿ ಇತ್ತು. ಫ್ಲಿಂಟ್‌ನಲ್ಲೇ ಹಾಕುತ್ತೇನೆಂದು ಆರ್ಡಿತ್ ಹಟ ಹಿಡಿದಿದ್ದರಿಂದ ಡೋರೀನ್ ಗೊಣಗುತ್ತಲೇ ಹಿಂದೆ ಬಂದಳು.

ದಾರಿಯಲ್ಲಿ ಲೊವೆಲ್‌ನ ಟ್ರಕ್ಕು ಎರಡು ಸಲ ರಸ್ತೆಯ ಅಂಚಿಗೆ ಇಳಿದು ಹತ್ತಿತು. ಡೋರೀನ್ ಹಾರ್ನ್ ಹೊಡೆದಳು.

ಫ್ಲಿಂಟ್‌ನ ವರ್ಕ್‌ಶಾಪಿನ ಯಜಮಾನ ದೊಡ್ಡ ಹೊಟ್ಟೆಯ ಮನುಷ್ಯ. ಬ್ಲಾಕನ್ನು ಬೆಂಚಿಗೆ ಏರಿಸಿ, ಮೂರನೇ ಸಿಲಿಂಡರಿಗೆ ಟಾರ್ಚು ಬಿಟ್ಟ. ಒಂದು ಸಿಳ್ಳೆ ಹಾಕಿದ.

"ಅಬ್ಬಬ್ಬಾ! ಯಾವ ಕಟುಕ ಕೊರೆದಿದ್ದು ಇದನ್ನ?"

ಆರ್ಡಿತ್ ಚಾವಣಿ ನೋಡಿದಳು. ಡೋರೀನ್ ತನ್ನ ಬೂಟು ನೋಡಿದಳು. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳೂ ಇತ್ತ ತಿರುಗಿದರು.

ಲೊವೆಲ್ ಟೋಪಿ ತೆಗೆದ.

"ನಾನು," ಎಂದ. "ಲೊವೆಲ್ ಟೀಗ್. ಕಣ್ಣು ಸರಿಯಾಗಿ ಕಾಣ್ಸಲ್ಲ. ಅಳತೆ ತಪ್ಪಿ ಓದಿದೆ."

ಆ ಮನುಷ್ಯನ ಮುಖದಿಂದ ನಗು ಇಳಿಯಿತು. ಆ ಹೆಸರು ಅವನಿಗೆ ಗೊತ್ತಿತ್ತು. ಟಾರ್ಚು ಆರಿಸಿ, ಕೈ ಒರೆಸಿಕೊಂಡು, ಲೊವೆಲ್‌ನ ಕೈ ಕುಲುಕಿದ.

"ಸ್ಲೀವ್ ಕೂತ್ಕೊಳ್ಳುತ್ತೆ ಸರ್. ಬಿರುಕು ಕೆಳಗಿಳಿದಿಲ್ಲ. ಎಂಜಿನ್ ಓಡುತ್ತೆ."

ಆರ್ಡಿತ್ ಸಹಿ ಹಾಕಿದಳು. ಮೂವರೂ ಹೊರಗೆ ಬಂದರು. ಲೊವೆಲ್‌ನ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು. ಜೇಬಿನಿಂದ ಟ್ರಕ್ಕಿನ ಕೀ ತೆಗೆದ. ಆರ್ಡಿತ್ ಅವನೆದುರು ಬಂದು ಅಂಗೈ ಚಾಚಿದಳು.

"ಏನು?"

"ಕೀ ಕೊಡು."

"ಯಾಕೆ? ನನ್ನ ಗಾಡಿ ಇದು."

"ಕಣ್ಣು ಕಾಣ್ಸಲ್ಲ ಅಂತ ಈಗ ತಾನೇ ಅಷ್ಟು ಜನರ ಮುಂದೆ ಒದರಿದೆಯಲ್ಲೋ! ಪೊಲೀಸ್ನೋಳು ಪಕ್ಕದಲ್ಲೇ ನಿಂತಿದಾಳೆ. ಆ ಕಡೆ ಹೋಗಿ ಕೂತ್ಕೋ. ಮೊದಲು ಕಣ್ಣಿನ ಡಾಕ್ಟರು, ಆಮೇಲೆ ಮನೆ."

ಲೊವೆಲ್ ಸಹಾಯಕ್ಕಾಗಿ ಡೋರೀನ್ ಮುಖ ನೋಡಿದ.

"ನನ್ನನ್ನ ನೋಡ್ಬೇಡಿ," ಎಂದಳು ಡೋರೀನ್. "ಕೊಡ್ರಿ ಕೀ."

ಅವನು ಕೊಟ್ಟ.